ಬೋಳುಬೆಟ್ಟದ ಅಡಿಯಲ್ಲೊಂದು ತೋಟ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಮಳೆ ಕಾಣದ ನಾಡಿನಲ್ಲಿ ಬಾಳಿದ್ದರೆ ಅವರು ‘ತೋಟ ಹಾಕಿ ನೋಡು’ ಎಂಬ ಇನ್ನೊಂದು ಮಾತನ್ನೂ ಆ ಗಾದೆಗೆ ಸೇರಿಸುತ್ತಿದ್ದರೇನೋ! ಇರಾನ್ ದೇಶದ ಆಗ್ನೇಯಕ್ಕಿರುವ ಕೆರ್ಮಾನ್ ಪ್ರಾಂತದಲ್ಲಿ ಹಾಗೆ ತೋಟ ಹಾಕಿ ನೋಡಿದವನೊಬ್ಬನಿದ್ದನು. ಅವನ ತೋಟವನ್ನು ಜನ ಇಂದಿಗೂ ‘ಬಾಗ್-ಎ-ಶಾಹಜಾದೆ’, ಎಂದರೆ ರಾಜಕುಮಾರನ ತೋಟ, ಎಂದೇ ಕರೆಯುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಅಡ್ಡಾಡಿದವರಿಗೆ ‘ಬಾಗ್’ ಎಂಬ ಮಾತು ಹೊಸದಲ್ಲ. ಆ ಪದದ ತವರು ಈ ಪಾರಸಿಕ ನಾಡೇ.

ಕೆರ್ಮಾನ್ ನಗರದಿಂದ ಮುಂಜಾನೆ ಹೊರಟ ಪ್ರವಾಸಿಗೆ, ಸುಮಾರು 35 ಕಿಲೋಮೀಟರ್ ದೂರದ ಮಾಹಾನ್ ಊರಿನವರೆಗೂ ಕಣ್ಣಿಗೆ ಬೀಳುವುದು ಎರಡೇ ಬಣ್ಣ: ಮೇಲೆ ಬಾನಿನ ನೀಲಿ, ಕೆಳಗೆ ನೆಲದ ಕಂದು. ದಿಗಂತದಲ್ಲಿ ಜೂಪಾರ್ ಪರ್ವತಶ್ರೇಣಿ ನಿಂತಿದೆ. ಅದರ ನೆತ್ತಿ 4 ಸಾವಿರ ಮೀಟರುಗಳನ್ನು ಮೀರಿದ್ದು, ಚಳಿಗಾಲದಲ್ಲಿ ಹಿಮ ಹೊದೆಯುತ್ತದೆ; ಅದರ ಮೈ ಮಾತ್ರ ಬೋಳು. ಮಾಹಾನ್ ದಾಟಿ ಕೆಲವು ಕಿಲೋಮೀಟರ್ ಹೋದರೆ, ಆ ಬೋಳು ಇಳಿಜಾರಿನ ನಡುವೆ ಉದ್ದನೆಯ ಮಣ್ಣುಬಣ್ಣದ ಗೋಡೆಯೊಂದು ಎದುರಾಗುತ್ತದೆ. ಗೋಡೆಯ ಮೇಲೆ ಮರಗಳ ತಲೆಗಳಷ್ಟೇ ಕಾಣುತ್ತವೆ. ದೂರದಿಂದ ನೋಡಿದವರಿಗೆ, ಯಾರೋ ಕಂದು ಕಂಬಳಿಯ ಮೇಲೆ ಹಸುರು ರೇಷ್ಮೆಯ ತುಂಡೊಂದನ್ನು ಮರೆತು ಹೋದಂತೆ ತೋರುತ್ತದೆ.

ಮಹಾದ್ವಾರವನ್ನು ದಾಟಿದೊಡನೆ ಲೋಕವೇ ಬದಲಾಗುತ್ತದೆ. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ನೀರು. ಅದರ ಎರಡು ಮಗ್ಗುಲಿಗೂ ಸೈಪ್ರಸ್, ಪೈನ್ ಮರಗಳ ಸಾಲು. ಸಾಲಿನ ಆಚೆ ಹಣ್ಣಿನ ಗಿಡಗಳು. ನೀರಿನ ಸದ್ದು ಕಿವಿಗೆ ಬೀಳುವ ಮೊದಲೇ ತಂಪು ಮೈಗೆ ತಾಗುತ್ತದೆ. ಸುಮಾರು 400 ಮೀಟರ್ ಉದ್ದ, 120 ಮೀಟರ್ ಅಗಲದ ಈ ತೋಟವನ್ನು ಬೇಕೆಂದೇ ಇಳಿಜಾರಿನಲ್ಲಿ ಹಾಕಿದ್ದಾರೆ. ಮೇಲಿನ ತುದಿಯಲ್ಲಿ ವಾಸದ ಮಹಲು, ಕೆಳಗಿನ ತುದಿಯಲ್ಲಿ ದ್ವಾರಮಂಟಪ, ನಡುವೆ ಕೊಳಗಳು. ಕಾರಂಜಿಗಳನ್ನು ಚಿಮ್ಮಿಸಲು ಇಲ್ಲಿ ಯಂತ್ರ ಬೇಕಾಗಲಿಲ್ಲ. ಮೇಲಿನಿಂದ ಕೆಳಗೆ ಧಾವಿಸುವ ನೀರಿನ ಒತ್ತಡವೇ ಆ ಕೆಲಸ ಮಾಡುತ್ತದೆ. 2011ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ 9 ಪಾರಸಿಕ ತೋಟಗಳಲ್ಲಿ ಇದೂ ಒಂದು.

ಮಧ್ಯಾಹ್ನದ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಳ್ಳುವ ಪ್ರವಾಸಿಯ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಗೋಡೆಯ ಹೊರಗೆ ಹುಲ್ಲುಕಡ್ಡಿಯೂ ಬೆಳೆಯದಿರುವಾಗ ಒಳಗೆ ಇಷ್ಟು ನೀರು ಎಲ್ಲಿಂದ ಬಂದಿತು?

ಬಂದದ್ದು ಬೆಟ್ಟದಿಂದ, ಆದರೆ ನೆಲದ ಮೇಲೆ ಹರಿದಲ್ಲ, ನೆಲದೊಳಗೆ ನಡೆದು. ಇರಾನಿನವರು ಇದನ್ನು ‘ಕನಾತ್’ ಎನ್ನುತ್ತಾರೆ. ಬೆಟ್ಟದ ಬುಡದಲ್ಲಿ, ಹಿಮ ಕರಗಿ ಇಂಗಿದ ಜಲ ಸಿಕ್ಕುವವರೆಗೆ ಒಂದು ಆಳವಾದ ತಾಯಿಬಾವಿಯನ್ನು ತೋಡುತ್ತಾರೆ. ಅಲ್ಲಿಂದ ತಗ್ಗಿನ ನೆಲದವರೆಗೆ ಅತಿ ಕಡಿಮೆ ಇಳಿಜಾರಿನ ಸುರಂಗವನ್ನು ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ಸುರಂಗದ ತಳವನ್ನೇ ಕೊಚ್ಚೀತು, ಕಡಿಮೆಯಾದರೆ ನಿಂತೀತು. ಮಣ್ಣು ಹೊರಗೆಳೆಯಲೂ ಗಾಳಿ ಒಳಬರಲೂ ದಾರಿಯುದ್ದಕ್ಕೂ ಬಾವಿಗಳನ್ನು ಇಳಿಸುತ್ತಾರೆ. ಈ ಕೆಲಸದವರಿಗೆ ‘ಮುಖನ್ನಿ’ಗಳೆಂದು ಹೆಸರು. ಸಣ್ಣ ದೀಪದ ಬೆಳಕಿನಲ್ಲಿ ಇವರು ಅಗೆಯುತ್ತಿದ್ದರು. ದೀಪ ಕುಂದಿದರೆ ಪ್ರಾಣವಾಯು ಕುಂದಿತೆಂದು ತಿಳಿಯುತ್ತಿದ್ದರು. ಸುರಂಗ ಕುಸಿದರೆ ಅದೇ ಶವವಸ್ತ್ರವಾಗಲೆಂದು ಬಿಳಿಯ ಬಟ್ಟೆಯುಟ್ಟು ಇಳಿಯುತ್ತಿದ್ದರೆಂಬ ಮಾತು ಆ ನಾಡಿನಲ್ಲಿ ಪ್ರಚಲಿತವಾಗಿದೆ.

ತೋಟ ಹಾಕಿಸಿದವನ ಹೆಸರು ಚರಿತ್ರೆಗೆ ಗೊತ್ತಿದೆ. ಅವನು ಕಾಜಾರ್ ವಂಶದ ರಾಜಕುಮಾರ, ಕೆರ್ಮಾನಿನ ರಾಜ್ಯಪಾಲ ಅಬ್ದುಲ್ ಹಮೀದ್ ಮಿರ್ಜಾ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ತೋಟ ಇಂದಿನ ವೈಭವವನ್ನು ಪಡೆದದ್ದು ಅವನಿಂದ. ಆದರೆ ಕೆಲಸ ಮುಗಿಯುವ ಮೊದಲೇ ಅವನು ತೀರಿಕೊಂಡನು. ಸಾವಿನ ಸುದ್ದಿ ಬಂದಾಗ ಗಾರೆಯವನೊಬ್ಬನು ಕೈಯಲ್ಲಿದ್ದ ಗಾರೆಯನ್ನು ಗೋಡೆಗೆ ಎಸೆದು ಹೊರಟುಹೋದನೆಂದು ಐತಿಹ್ಯ. ಮಹಾದ್ವಾರದ ಮುಖದಲ್ಲಿ ಹೆಂಚು ಕೂರದೆ ಉಳಿದ ಬರಿಯ ಜಾಗಗಳನ್ನು ಇಂದಿಗೂ ಕಾಣಬಹುದು. ಸುರಂಗ ತೋಡಿದವರ ಹೆಸರುಗಳಾದರೋ ಯಾವ ದ್ವಾರದ ಮೇಲೂ ಇಲ್ಲ.

ಸಂಜೆ ಹಿಂದಿರುಗುವ ದಾರಿಯಲ್ಲಿ ಮಾಹಾನ್ ಊರಿನೊಳಗೆ ನೀಲಿ ಗುಮ್ಮಟದ ಗೋರಿಯೊಂದು ಸಿಕ್ಕುತ್ತದೆ. 1431ರಲ್ಲಿ ತೀರಿಕೊಂಡ ಸೂಫಿ ಸಂತ ಶಾ ನಿಯಾಮತುಲ್ಲಾ ವಲಿಯ ಸಮಾಧಿ ಅದು. ಕನ್ನಡಿಗ ಪ್ರವಾಸಿ ಇಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲಬೇಕು. 1436ರಲ್ಲಿ ಆ ಗುಮ್ಮಟವೆದ್ದದ್ದು ನಮ್ಮ ಬೀದರಿನ ಹಣದಿಂದ! ಬಹಮನಿ ಸುಲ್ತಾನ ಅಹಮದ್ ಷಾ ಈ ಸಂತನ ಭಕ್ತ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನೂ ಅವನೇ. ಸಂತನ ಮಗ ಖಲೀಲುಲ್ಲಾ ಬೀದರಿಗೆ ಬಂದು ನೆಲೆಸಿದನು; ಅವನ ಚೌಖಂಡಿ ಅಷ್ಟೂರಿನ ದಾರಿಯಲ್ಲಿ ಇಂದಿಗೂ ನಿಂತಿದೆ.

ಇರಾನಿನಿಂದ ಬೀದರಿಗೆ ಬಂದವರು ಸಂತರಷ್ಟೇ ಅಲ್ಲ. ನೀರಿನ ವಿದ್ಯೆಯೂ ಬಂದಿತು. ಬೀದರಿನ ಜಂಬಿಟ್ಟಿಗೆಯ ನೆಲ ಮಳೆನೀರನ್ನು ಹೀರಿಕೊಳ್ಳುತ್ತದೆ. ಅದರಡಿಯ ಕರಿಗಲ್ಲು ಆ ನೀರನ್ನು ಕೆಳಗಿಳಿಯಗೊಡದೆ ತಡೆಯುತ್ತದೆ. ಈ ಗುಟ್ಟನ್ನರಿತು ಬಹಮನಿಗಳ ಕಾಲದಲ್ಲಿ ಅಲ್ಲಿಯೂ ಸುರಂಗಗಳನ್ನು ಕೊರೆದರು. ‘ಕಾರೇಜ್’ ಎಂದು ಅವುಗಳ ಹೆಸರು. ಕಾಲಾಂತರದಲ್ಲಿ ನೌಬಾದಿನ ಕಾರೇಜಿನ ಬಾವಿಗಳಲ್ಲಿ ಹೂಳು ತುಂಬಿತು, ಕಸ ಬಿದ್ದಿತು. ಅದು ಏನೆಂಬುದೇ ಹೆಚ್ಚಿನವರಿಗೆ ಮರೆತುಹೋಯಿತು. ಈ ಶತಮಾನದ ಎರಡನೆಯ ದಶಕದಲ್ಲಷ್ಟೇ ಅದನ್ನು ಗುರುತಿಸಿ ಹೂಳೆತ್ತುವ ಕೆಲಸ ನಡೆಯಿತು.

ಇರಾನಿನ ಸ್ಥಿತಿಯೂ ನಿಶ್ಚಿಂತೆಯದಲ್ಲ. 2016ರಲ್ಲಿ ಅಲ್ಲಿನ 11 ಕನಾತುಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ‘ಮುತ್ತು ಸುರಿಸುವುದು’ ಎಂಬ ಅರ್ಥದ ಹೆಸರಿನ ಜೂಪಾರಿನ ‘ಗೌಹರ್‌ರೀಜ್’ ಅವುಗಳಲ್ಲೊಂದು. ಗೌರವವೇನೋ ದೊರೆಯಿತು. ಆದರೆ ಕೆರ್ಮಾನ್ ಪ್ರಾಂತದ ಪಿಸ್ತಾ ತೋಟಗಳಿಗಾಗಿ ಕೊರೆದ ಆಳವಾದ ಕೊಳವೆಬಾವಿಗಳು ಅಂತರ್ಜಲವನ್ನು ಕೆಳಗೆ ಕೆಳಗೆ ಎಳೆದುಬಿಟ್ಟಿವೆ. ಕನಾತು ತಾನಾಗಿ ಬಂದಷ್ಟು ನೀರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಪಂಪಿಗೆ ಆ ಸಂಯಮವಿಲ್ಲ. ನೀರಿನ ಮಟ್ಟ ಸುರಂಗಕ್ಕಿಂತ ಕೆಳಗಿಳಿದರೆ, ಶತಮಾನಗಳ ಶ್ರಮವೆಲ್ಲ ಒಣಗಿದ ಬಿಲವಾಗಿ ಉಳಿಯುತ್ತದೆ. ಹಬ್ಬದ ಪಾಯಸಕ್ಕೆ ಪಿಸ್ತಾ ಉದುರಿಸುವ ಗೃಹಿಣಿಗಾಗಲಿ, ಮನೆಯಂಗಳದಲ್ಲಿ ಕೊಳವೆಬಾವಿ ಕೊರೆಸುವ ಯಜಮಾನನಿಗಾಗಲಿ ಈ ಕತೆ ತೀರ ದೂರದ್ದಲ್ಲ.

ಮಾಹಾನಿನಿಂದ ಮರಳುವವನಿಗೆ ಕೊನೆಗೆ ನೆನಪಾಗುವುದು ಆ ಬರಿಯ ಗೋಡೆ. ರಾಜಕುಮಾರನು ಸತ್ತನು, ಗಾರೆಯವನು ಹೊರಟುಹೋದನು, ಹೆಂಚುಗಳು ಕೂರದೆ ಉಳಿದವು. ಇಷ್ಟಾದರೂ ತೋಟದ ಒಂದು ಎಲೆಯೂ ಬಾಡಲಿಲ್ಲ. ಅರಸನ ಕೆಲಸ ಅರ್ಧಕ್ಕೆ ನಿಂತರೆ ತೋಟ ಸಹಿಸಿಕೊಳ್ಳುತ್ತದೆ. ಸುರಂಗದ ಹೂಳೆತ್ತುವವನ ಕೆಲಸ ನಿಂತರೆ ಸಹಿಸಿಕೊಳ್ಳಲಾರದು. ಯಾವ ಮನೆಯ, ಯಾವ ಊರಿನ ಹಸುರನ್ನು ಹೊಗಳುವಾಗಲೂ, ಇದಕ್ಕೆ ನೀರು ತರುವವರು ಯಾರು ಎಂದೊಮ್ಮೆ ಕೇಳುವುದು ಒಳ್ಳೆಯದು.