ಹಳೆಯ ಮೋಟಾರು ಸೈಕಲ್ಲು: ಸಂಗ್ರಹವೋ, ಶೃಂಗಾರವೋ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಹವ್ಯಾಸವು ಮನುಷ್ಯನಿಗೆ ಭೂಷಣವೆಂದು ತಿಳಿದವರು ಹೇಳುವುದುಂಟು. ಒಬ್ಬರು ಅಂಚೆಚೀಟಿಗಳನ್ನು ಕೂಡಿಡುತ್ತಾರೆ. ಇನ್ನೊಬ್ಬರು ಹಳೆಯ ನಾಣ್ಯಗಳಿಗಾಗಿ ಊರೂರು ಅಲೆಯುತ್ತಾರೆ. ಅಂಥವರನ್ನು ಕಂಡರೆ ನಮಗೆ ಗೌರವ. ಆದರೆ ಹಳೆಯ ಮೋಟಾರು ಸೈಕಲ್ಲುಗಳನ್ನು ಕೂಡಿಡುವವನನ್ನು ಕಂಡರೆ ಮಾತ್ರ ಜನ ಮುಸಿಮುಸಿ ನಗುತ್ತಾರೆ. "ಹೊಟ್ಟೆ ತುಂಬಿದವರ ಹುಚ್ಚು" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ಅನ್ಯಾಯವಿದೆ. ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದೇ ಈ ಲೇಖನದ ಉದ್ದೇಶ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಂದೆಯವರು ಮೂವತ್ತು ವರ್ಷಗಳಿಂದ ಮೋಟಾರು ಸೈಕಲ್ಲುಗಳ ರಿಪೇರಿ ಮಾಡಿ ನಮ್ಮನ್ನು ಸಾಕಿದವರು. ಆದುದರಿಂದ ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿಯಾಗಿಯೂ, ಒಬ್ಬ ಮೆಕ್ಯಾನಿಕ್ಕಿನ ಮಗನಾಗಿಯೂ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಹಕ್ಕು ನನಗುಂಟೆಂದು ಭಾವಿಸಿದ್ದೇನೆ.

ಮೊದಲು ಇತಿಹಾಸವನ್ನೇ ನೋಡೋಣ. ಚೆಕ್ ದೇಶದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಒಂದು ಮೋಟಾರು ಸೈಕಲ್ಲನ್ನು ಹೊರತಂದನು. ಜರ್ಮನಿಯ ವಾಂಡರರ್ ಕಂಪನಿಯಿಂದ ಕೊಂಡ ವಿನ್ಯಾಸ ಅದು. ತನ್ನ ಹೆಸರಿನ ಮೊದಲಕ್ಷರವನ್ನೂ ವಾಂಡರರ್‌ನ ಮೊದಲಕ್ಷರವನ್ನೂ ಕೂಡಿಸಿ ಅದಕ್ಕೆ ಹೆಸರಿಟ್ಟನು. ಅವರ ಬಾಯಲ್ಲಿ ಅದು 'ಯಾವಾ'. ನಮ್ಮ ಬಾಯಲ್ಲಿ 'ಜಾವಾ'. ಪರದೇಶದ ಗಾಡಿಗಳ ಆಮದಿಗೆ ಸರಕಾರ ಕಡಿವಾಣ ಹಾಕಿದ್ದ ಕಾಲದಲ್ಲಿ, ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಎಂಬ ಪಾರ್ಸಿ ಮಹನೀಯರು ಆ ಗಾಡಿಯನ್ನು ಇಲ್ಲಿಯೇ ತಯಾರಿಸಲು ಮನಸ್ಸು ಮಾಡಿದರು. ಜಯಚಾಮರಾಜ ಒಡೆಯರ ಪ್ರೋತ್ಸಾಹ ದೊರೆಯಿತು. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು. ಯಾದವಗಿರಿಯ ಆ ಕಾರಖಾನೆಯಿಂದ ಮೊದಲು ಜಾವಾ ಬಂದಿತು. 1970ರ ದಶಕದಲ್ಲಿ ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಯೆಜ್ಡಿ ಎಂಬ ಹೆಸರಾಯಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. ಬಳಿಕ 1984ರಿಂದೀಚೆಗೆ ಜಪಾನೀ ಕಂಪನಿಗಳ ಸಹಯೋಗದಲ್ಲಿ 100 ಸಿ.ಸಿ. ಗಾಡಿಗಳು ಸಾಲುಸಾಲಾಗಿ ಬಂದವು: ಸುಜುಕಿ, ಯಮಹಾ, ಹೋಂಡಾ, ಕವಾಸಾಕಿ. ಅವು ಹಗುರ, ಪೆಟ್ರೋಲಿನಲ್ಲಿ ಉಳಿತಾಯ. ಹೊಗೆಯ ಬಗೆಗೆ ಸರಕಾರದ ಕಟ್ಟಳೆಗಳೂ ಬಿಗಿಯಾದವು. ಭಾರದ ಎರಡು ಸ್ಟ್ರೋಕಿನ ಯೆಜ್ಡಿ ಆ ಪೈಪೋಟಿಯಲ್ಲಿ ನಿಲ್ಲಲಾರದೆ ಹೋಯಿತು. 1996ರಲ್ಲಿ ಕಾರಖಾನೆಯ ಬಾಗಿಲು ಮುಚ್ಚಿತು.

2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿನಲ್ಲಿಯೂ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿಯೂ ಹೊಸ ಗಾಡಿಗಳನ್ನು ಹೊರತಂದಿತು. ಅವು ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಮರಳಿ ಬಂದಿತು. ಮೈಸೂರಿನ ಕಾರಖಾನೆ ಮರಳಲಿಲ್ಲ.

ಹೀಗಿರುವಾಗ ಹಳೆಯ ಗಾಡಿಗಳ ಮೇಲೆ ಜನರಿಗೆ ಮಮತೆ ಹುಟ್ಟಿದ್ದರಲ್ಲಿ ಆಶ್ಚರ್ಯವೇನು? ಆ ಯಂತ್ರದಲ್ಲಿ ನಿಜವಾಗಿಯೂ ವಿಶೇಷವಿದೆ. 250 ಸಿ.ಸಿ.ಯ ಗಾಡಿಗೆ ಸಿಲಿಂಡರು ಒಂದೇ, ಸೈಲೆನ್ಸರು ಎರಡು. ಗೇರು ಹಾಕುವ ಕಡ್ಡಿಯೂ ಕಿಕ್ ಹೊಡೆಯುವ ಕಡ್ಡಿಯೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರು ಕಿಕ್ಕರ್ ಆಗುತ್ತದೆ. ಕ್ಲಚ್ ಹಿಡಿಯದೆಯೇ ಕಾಲಿನಿಂದ ಗೇರು ಬದಲಿಸುವ ಉಪಾಯವನ್ನೂ ಅದರಲ್ಲಿ ಇಟ್ಟಿದ್ದರು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಆಚರಿಸಿ, ಅಭಿಮಾನಿಗಳು ಗಾಡಿಗಳನ್ನು ತೊಳೆದು ಒರಸಿ ಬೀದಿಗೆ ತರುತ್ತಾರೆ.

ಇಂಥ ಮಮತೆ ನಮ್ಮವರದೊಂದೇ ಅಲ್ಲ. ಅಮೆರಿಕದಲ್ಲಿ ಗಾಲ್ಫ್ ಆಟದ ಮೈದಾನದಲ್ಲಿ ಓಡಾಡುವ ಚಿಕ್ಕ ಗಾಡಿಗಳನ್ನೂ ಕೂಡಿಡುವವರಿದ್ದಾರೆ. ಪ್ರಸಿದ್ಧ ಹಾರ್ಲೆ ಡೇವಿಡ್‌ಸನ್ ಕಂಪನಿಯು 1963ರಿಂದ 1982ರವರೆಗೆ ಇಂಥ ಗಾಡಿಗಳನ್ನೂ ಮಾಡುತ್ತಿದ್ದಿತು. ಅವುಗಳಲ್ಲಿ ಮೂರು ಚಕ್ರದವು ತುಕ್ಕು ಹಿಡಿದು ಬಿದ್ದಿದ್ದರೆ ತಂದು, ಬಣ್ಣ ಬಳಿದು, ಆಸನ ಹೊಲಿಸಿ, ಅಲಂಕರಿಸಿ ಸಂತೋಷಪಡುತ್ತಾರೆ. ನಮ್ಮಲ್ಲಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಹಳೆಯ ಕಾರುಗಳನ್ನು ನೋಡಿರಬಹುದು. ರಾಜಮಹಾರಾಜರ ಕಾರನ್ನು ಕಾಪಾಡುವುದು ಸರಿಯಾದರೆ ಗುಮಾಸ್ತರೂ ಮೇಷ್ಟರೂ ಹಾಲಿನವರೂ ಓಡಿಸಿದ ಗಾಡಿಯನ್ನು ಕಾಪಾಡುವುದು ಇನ್ನೂ ಸರಿ. ಆದುದರಿಂದ ಈ ಹವ್ಯಾಸ ಹುಚ್ಚೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಕಾಪಾಡುವುದೆಂದರೇನು? ಇಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರಿಗೆ ಹಳೆಯ ಗಾಡಿ ಬರಿಯ ಕಚ್ಚಾ ಸಾಮಗ್ರಿ. ಹಿಂದಿನ ಮಡ್‌ಗಾರ್ಡು ಕತ್ತರಿಸುತ್ತಾರೆ. ಚಾಸಿಯನ್ನು ಕೊಯ್ದು ಬೆಸುಗೆ ಹಾಕುತ್ತಾರೆ. ಅಗಲದ ಟಯರು ತೊಡಿಸುತ್ತಾರೆ. ಸೈಲೆನ್ಸರು ಕಿತ್ತು ಬೀದಿಯ ನಿದ್ದೆ ಕೆಡಿಸುತ್ತಾರೆ. "ನನ್ನ ಗಾಡಿ, ನನ್ನ ಇಷ್ಟ" ಎಂಬುದು ಅವರ ವಾದ. ಕಾನೂನು ಈ ವಾದವನ್ನು ಒಪ್ಪುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಅನುಮತಿಯಿಲ್ಲದ ಇಂಥ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆಯನ್ನು ಇಟ್ಟರು. ಕಾನೂನಿನ ಮಾತು ಬಿಟ್ಟರೂ, ಇನ್ನು ತಯಾರಾಗದ ಒಂದು ವಸ್ತುವನ್ನು ಕೊಯ್ದ ಮೇಲೆ ಮರಳಿ ಪಡೆಯುವುದು ಹೇಗೆ?

ಎರಡನೆಯ ಪಂಗಡದವರು ಶುದ್ಧಿವಾದಿಗಳು. ಗಾಡಿ ಕಾರಖಾನೆಯ ಬಾಗಿಲಿನಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇರಬೇಕು ಎನ್ನುವವರು ಅವರು. ಒಂದು ನಟ್ಟು ಬೇರೆಯದಾದರೂ ಅವರಿಗೆ ಮೈಲಿಗೆ. ಸರಕಾರದ ನಿಯಮವೂ ಅವರ ಕಡೆಗೆ ವಾಲಿದೆ. ಮೊದಲ ನೋಂದಣಿಯಿಂದ 50 ವರ್ಷ ಮೀರಿ, ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಮಾರ್ಪಾಡಾಗದೆ ಮೂಲರೂಪದಲ್ಲಿರುವ ವಾಹನವೇ 'ವಿಂಟೇಜ್' ಎಂದು 2021ರ ಜುಲೈನಲ್ಲಿ ಕೇಂದ್ರ ಸರಕಾರ ನಿಯಮ ಹೊರಡಿಸಿತು. ಅದಕ್ಕೆ ಬೇರೆ ಸಂಖ್ಯೆಯ ಸಾಲು. ಹೊಸ ನೋಂದಣಿಗೆ 20,000 ರೂಪಾಯಿ. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಇದರ ಪ್ರಕಾರ 1960ರ ದಶಕದ ಜಾವಾ ವಿಂಟೇಜ್ ಆಗಬಹುದು. 1978ರ ರೋಡ್‌ಕಿಂಗ್ 2028ರವರೆಗೆ ಕಾಯಬೇಕು. ಇಂದಿಗೂ ಅದೇ ಗಾಡಿಯ ಮೇಲೆ ಸಂತೆಗೆ ಹೋಗಿಬರುವ ರೈತನಿಗಂತೂ ಈ ಗೌರವ ದಕ್ಕುವಂತಿಲ್ಲ. ಬಳಸಿದರೆ ವಿಂಟೇಜ್ ಅಲ್ಲ. ವಿಂಟೇಜ್ ಆದರೆ ಬಳಸುವಂತಿಲ್ಲ!

ಶುದ್ಧಿವಾದಿಗಳ ಶ್ರಮವನ್ನು ನಾನು ಮೆಚ್ಚುತ್ತೇನೆ. ಆದರೆ ಅವರಿಗೊಂದು ಪ್ರಶ್ನೆ. ಹಳ್ಳಿಯ ಹಾಲಿನವನೊಬ್ಬ ತನ್ನ ಯೆಜ್ಡಿಯ ಎರಡು ಮಗ್ಗುಲಿಗೂ ಕ್ಯಾನು ತೂಗುಹಾಕಲು ಕಬ್ಬಿಣದ ಕೊಕ್ಕೆ ಬೆಸೆಯಿಸಿಕೊಂಡಿದ್ದ. ಇಪ್ಪತ್ತು ವರ್ಷ ಅದರ ಮೇಲೆಯೇ ಸಂಸಾರ ಸಾಗಿಸಿದ. ಆ ಗಾಡಿಯನ್ನು ಕೊಂಡವರು ಮೊದಲು ಮಾಡಿದ ಕೆಲಸವೆಂದರೆ ಆ ಕೊಕ್ಕೆಗಳನ್ನು ಉಜ್ಜಿ ತೆಗೆದದ್ದು. ಗಾಡಿ ಹೊಳೆಯಿತು, ಹಾಲಿನವನು ಅಳಿಸಿಹೋದ. ಇಲ್ಲಿ ಮೂಲವೆಂಬುದು ಯಾವುದು? ಕಾರಖಾನೆಯಲ್ಲಿ ಕಳೆದ ಒಂದು ದಿನವೋ, ಬೀದಿಯಲ್ಲಿ ಕಳೆದ ಇಪ್ಪತ್ತು ವರ್ಷವೋ? ಕತ್ತರಿಸಿ ಅಲಂಕರಿಸುವವನು ಮಾಡಿದವನ ಗುರುತನ್ನು ಅಳಿಸಿದರೆ, ಅತಿಶುದ್ಧಿಯವನು ಬಳಸಿದವನ ಗುರುತನ್ನು ಅಳಿಸುತ್ತಾನೆ.

ನನ್ನ ಅಭಿಪ್ರಾಯವಿಷ್ಟೆ. ಬದಲಾವಣೆಯೆಲ್ಲವೂ ಪಾಪವಲ್ಲ. ಆರು ವೋಲ್ಟಿನ ಮಂಕು ದೀಪದ ಬದಲು ಹನ್ನೆರಡು ವೋಲ್ಟಿನ ವ್ಯವಸ್ಥೆ ಮಾಡಿಸಿದರೆ ರಾತ್ರಿಯ ಹೊತ್ತು ಪ್ರಾಣ ಉಳಿದೀತು. ತೆಗೆದಿಟ್ಟ ಭಾಗಗಳನ್ನು ಜೋಪಾನ ಮಾಡಿದ್ದರೆ ನಾಳೆ ಮತ್ತೆ ಜೋಡಿಸಲೂಬಹುದು. ಮರಳಿ ಸರಿಪಡಿಸಬಹುದಾದ ಮಾರ್ಪಾಡು ಸಲ್ಲುತ್ತದೆ. ಮರಳಿ ಬಾರದಂತೆ ಕೊಯ್ಯುವುದು ಸಲ್ಲದು. ಏನನ್ನೇ ತೆಗೆಯುವ ಮೊದಲು ಚಿತ್ರ ತೆಗೆದು, ಯಾರ ಗಾಡಿ, ಯಾವ ಊರು, ಏನು ಕೆಲಸಕ್ಕೆ ಬಳಸಿದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಇದಕ್ಕೆ ಹಣ ಬೇಡ, ತಾಳ್ಮೆ ಸಾಕು.

ಇನ್ನು "ಹೊಟ್ಟೆ ತುಂಬಿದವರ ಹುಚ್ಚು" ಎಂಬ ಮಾತಿನಲ್ಲಿರುವ ಸತ್ಯದ ಪಾಲಿಗೆ ಬರುತ್ತೇನೆ. ನಮ್ಮ ತಾಯಿಯ ಊರಿನಲ್ಲಿ ನಿವೃತ್ತ ಮೇಷ್ಟರೊಬ್ಬರ ಕೊಟ್ಟಿಗೆಯಲ್ಲಿ ಹಳೆಯ ಜಾವಾ ಒಂದಿತ್ತು. ಪೇಟೆಯಿಂದ ಬಂದವರು ಗುಜರಿಯವನು ಹೇಳಿದ್ದಕ್ಕಿಂತ ಒಂದು ಸಾವಿರ ಹೆಚ್ಚು ಕೊಟ್ಟು ಕೊಂಡುಹೋದರು. ಮೇಷ್ಟರು ಧರ್ಮಾತ್ಮರು ಸಿಕ್ಕರೆಂದು ಕಾಫಿ ಕೊಟ್ಟು ಕಳಿಸಿದರು. ಅದರ ನಿಜವಾದ ಬೆಲೆ ಕೊಂಡವರಿಗೆ ಗೊತ್ತಿತ್ತು, ಮಾರಿದವರಿಗೆ ಗೊತ್ತಿರಲಿಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ಇದನ್ನು ವ್ಯಾಪಾರವೆನ್ನಬಹುದು. ಆದರೆ ಇತಿಹಾಸವನ್ನು ಉಳಿಸುತ್ತೇವೆಂದು ಹೇಳಿಕೊಳ್ಳುವವರಿಗೆ ಅದು ಶೋಭಿಸುವುದಿಲ್ಲ. ಅವರು ನಿಜಬೆಲೆಯನ್ನು ಹೇಳಿಯೇ ಚೌಕಾಸಿಗೆ ಕೂರಲಿ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಬ್ಬಿಣವನ್ನು ಕೂಡಿಡುವವರಿದ್ದಾರೆ, ಕಬ್ಬಿಣಕ್ಕೆ ಜೀವ ಕೊಡುವ ವಿದ್ಯೆಯನ್ನು ಕೂಡಿಡುವವರಿಲ್ಲ. ನನ್ನ ತಂದೆಯವರು ಪಾಯಿಂಟು ಸೆಟ್ ಮಾಡುವಾಗ ಸಿಗರೇಟಿನ ತೆಳ್ಳನೆಯ ಕಾಗದವನ್ನು ಅದರ ನಡುವೆ ಇಟ್ಟು ಮೆಲ್ಲಗೆ ಎಳೆಯುತ್ತಾರೆ. ಕಾಗದ ಸಡಿಲವಾದ ಕ್ಷಣವೇ ಪಾಯಿಂಟು ತೆರೆದ ಕ್ಷಣ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು, ಯಾವ ಬೇರಿಂಗು ಸವೆದಿದೆಯೆಂದು ಹೇಳುತ್ತಾರೆ. ಇದನ್ನೆಲ್ಲ ಬರೆದಿಡೋಣವೆಂದು ಒಮ್ಮೆ ಕೇಳಿದೆ. "ನಂಗೆ ಮಾಡೋಕೆ ಬರುತ್ತೆ ಮಗ, ಹೇಳೋಕೆ ಬರಲ್ಲ. ಓದಿರೋನು ನೀನು, ನೋಡ್ಕೊಂಡು ಬರಕೋ" ಎಂದರು. ಆದರೆ ಸ್ಪ್ಯಾನರು ಮುಟ್ಟಲು ಮಾತ್ರ ಅವರು ನನ್ನನ್ನು ಬಿಡುವುದಿಲ್ಲ. ಈ ಎಣ್ಣೆಗೈ ತಮ್ಮೊಡನೆಯೇ ಮುಗಿಯಲಿ ಎಂಬುದು ಅವರ ಆಸೆ. ಅವರ ಆಸೆಯನ್ನು ತಪ್ಪೆನ್ನುವ ಮನಸ್ಸು ನನಗಿಲ್ಲ. ಮೆಕ್ಯಾನಿಕ್ಕಿಗೆ ನಮ್ಮ ಸಮಾಜ ಕೊಟ್ಟ ಸ್ಥಾನವೇ ಅವರಿಂದ ಹಾಗೆ ಹೇಳಿಸುತ್ತದೆ. ಗಾಡಿಯ ಬಣ್ಣಕ್ಕೆ ಸಾವಿರಗಟ್ಟಲೆ ಸುರಿಯುವವರು ಅವರ ಕೂಲಿಯಲ್ಲಿ ನೂರು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಪ್ರದರ್ಶನದಲ್ಲಿ ಗಾಡಿಯ ಮುಂದೆ ಒಡೆಯನ ಹೆಸರಿನ ಫಲಕವಿರುತ್ತದೆ. ಅದನ್ನು ಓಡುವಂತೆ ಮಾಡಿದವನ ಹೆಸರಿರುವುದಿಲ್ಲ.

ಕಾಲವೂ ಕಡಮೆ ಇದೆ. 1961ರಲ್ಲಿ ಇಪ್ಪತ್ತೈದು ವರ್ಷದ ಯುವಕರಾಗಿ ಕಾರಖಾನೆಯ ಕೆಲಸಕ್ಕೆ ಸೇರಿದವರಿಗೆ ಈಗ ತೊಂಬತ್ತರ ಹತ್ತಿರ. 1996ರಲ್ಲಿ ಮೂವತ್ತು ವರ್ಷದವರಾಗಿದ್ದು ಕೆಲಸ ಕಳೆದುಕೊಂಡವರೂ ಅರವತ್ತನ್ನು ಮುಟ್ಟುತ್ತಿದ್ದಾರೆ. ಅವರು ಹೇಳಬಲ್ಲದ್ದನ್ನು ಇನ್ನು ಹತ್ತು ವರ್ಷದ ಮೇಲೆ ಕೇಳಲು ಹೊರಟರೆ ಹೇಳುವವರು ಯಾರು?

ಆದುದರಿಂದ ಎರಡು ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ಸಂಗ್ರಹಕಾರರ ಸಂಘಗಳಿಗೆ: ಪ್ರತಿ ಗಾಡಿಯ ಫಲಕದ ಮೇಲೆ ಒಡೆಯನ ಹೆಸರಿನ ಜೊತೆಗೆ ಅದನ್ನು ರಿಪೇರಿ ಮಾಡಿದವರ ಹೆಸರನ್ನೂ, ಅದನ್ನು ಮೊದಲು ಬಳಸಿದವರ ಹೆಸರನ್ನೂ ಬರೆಯಿಸಲಿ. ಎರಡು, ನಮ್ಮ ಕಾಲೇಜಿಗೆ: ಇತಿಹಾಸ ಮತ್ತು ಅರ್ಥಶಾಸ್ತ್ರ ವಿಭಾಗಗಳು ಕೂಡಿ, ಕಾರಖಾನೆಯಲ್ಲಿ ದುಡಿದವರ ಮತ್ತು ಊರಿನ ಮೆಕ್ಯಾನಿಕ್ಕುಗಳ ಅನುಭವಗಳನ್ನು ವಿದ್ಯಾರ್ಥಿಗಳಿಂದ ಕೇಳಿ ಬರೆಯಿಸಲಿ. ನಾವು ಕೈಗಾರಿಕಾ ಕ್ರಾಂತಿಯ ಬಗೆಗೆ ಮ್ಯಾಂಚೆಸ್ಟರಿನ ಉದಾಹರಣೆ ಕೊಟ್ಟು ಪರೀಕ್ಷೆ ಪಾಸು ಮಾಡುತ್ತೇವೆ. ಯಾದವಗಿರಿಯಲ್ಲಿ ಒಂದು ಕಾರಖಾನೆ ಏಕೆ ಹುಟ್ಟಿತು, ಹೇಗೆ ಬಾಳಿತು, ಏಕೆ ಮುಚ್ಚಿತು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕಲ್ಲವೆ? ಆ ಪಾಠದ ಉಪಾಧ್ಯಾಯರು ಇನ್ನೂ ನಮ್ಮ ಬೀದಿಗಳಲ್ಲಿಯೇ ಇದ್ದಾರೆ. ಬರೆಯಲು ಬಲ್ಲವರು ಅವರ ಮನೆಗಳಲ್ಲಿ ನಾವೇ ಮೊದಲಿಗರು. ಈ ಬೇಸಗೆಯ ರಜೆಯಲ್ಲಿ ನಾನು ನನ್ನ ತಂದೆಯವರ ಅಂಗಡಿಯಿಂದಲೇ ಈ ಕೆಲಸವನ್ನು ತೊಡಗುವವನಿದ್ದೇನೆ. ಜೊತೆಗೆ ಬರುವ ಮಿತ್ರರಿಗೆ ಒಂದು ನೋಟುಪುಸ್ತಕವನ್ನು ಬಿಟ್ಟು ಬೇರೇನೂ ಬೇಕಾಗುವುದಿಲ್ಲ.