ತಿಳಿದರೆ ತಿಳಿನೀರು

ನಮ್ಮ ನುಡಿಯಲ್ಲಿ ‘ತಿಳಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಅರಿತುಕೊಳ್ಳುವುದು ಒಂದು, ಕದಡಿದ ನೀರು ನಿರ್ಮಲವಾಗುವುದು ಇನ್ನೊಂದು. ಈಜುಕೊಳದ ಯಜಮಾನಿಕೆಯನ್ನು ಹೊಸದಾಗಿ ವಹಿಸಿಕೊಂಡವರಿಗೆ ಮೊದಲನೆಯದಿಲ್ಲದೆ ಎರಡನೆಯದು ಆಗದೆಂಬುದು ಬಹುಬೇಗ ಮನವರಿಕೆಯಾಗುತ್ತದೆ.

ಇಂತಹ ಯಜಮಾನರು ಈಗ ನಮ್ಮ ಊರಿನ ಪೂರ್ವಭಾಗದಲ್ಲಿ ವಿರಳವೇನೂ ಅಲ್ಲ. ಹಲಸೂರು ಕೆರೆಯ ಮಗ್ಗುಲಿನ ಕೆನ್ಸಿಂಗ್‌ಟನ್ ಈಜುಕೊಳದಂತಹ ಸಾರ್ವಜನಿಕ ಕೊಳಗಳ ಮಾತು ಹಾಗಿರಲಿ. ಇಂದಿರಾನಗರದಿಂದ ಕೃಷ್ಣರಾಜಪುರದವರೆಗೆ ಎದ್ದಿರುವ ಎಷ್ಟೋ ವಸತಿ ಸಮುಚ್ಚಯಗಳ ಅಂಗಳದಲ್ಲಿ ಒಂದೊಂದು ಕೊಳವಿದೆ. ಕಟ್ಟಿದವರು ಒಂದು ದಿನ ಬೀಗದ ಕೈಯನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸಿ ಹೊರಡುತ್ತಾರೆ. ಒಂದು ತಿಂಗಳು ಯಾರೂ ಗಮನಿಸದಿದ್ದರೆ ಸಾಕು, ನೀರು ಪಾಚಿಗಟ್ಟಿ ಹಸಿರಾಗಿ ನಿಲ್ಲುತ್ತದೆ.

ಕೆರೆಯ ನೀರಿಗೂ ಕೊಳದ ನೀರಿಗೂ ಇರುವ ಭೇದವನ್ನು ಇಲ್ಲಿ ಅರಿಯಬೇಕು. ಕೆರೆ ಜೀವಂತವಾದ ಜಲ. ಹಲಸೂರು ಕೆರೆಯಲ್ಲಿ ಮೀನು, ಹುಳು, ಜಲಸಸ್ಯ, ಸೂಕ್ಷ್ಮಜೀವಿಗಳು ಒಂದನ್ನೊಂದು ಆಶ್ರಯಿಸಿ ಬದುಕುತ್ತವೆ. ಆ ಬದುಕೇ ನೀರನ್ನು ತಕ್ಕಮಟ್ಟಿಗೆ ಶುದ್ಧಗೊಳಿಸುತ್ತದೆ. ಕೊಳಚೆಯ ಭಾರ ಮಿತಿಮೀರಿದರೆ ಏನಾಗುವುದೆಂಬುದನ್ನು 2016ರ ಮಾರ್ಚ್ ತಿಂಗಳಿನಲ್ಲಿ ಊರೆಲ್ಲ ಕಂಡಿತು. ನೀರಿನಲ್ಲಿ ಪ್ರಾಣವಾಯು ಕುಗ್ಗಿ, ಸಾವಿರಾರು ಮೀನುಗಳು ಸತ್ತು ದಡಕ್ಕೆ ಬಂದುವು. ಈಜುಕೊಳಕ್ಕಾದರೋ ಅಂತಹ ಬಂಧುಬಳಗವೇ ಇಲ್ಲ. ಅಲ್ಲಿಯ ಶುಚಿಯೆಲ್ಲವೂ ಮನುಷ್ಯನ ಕೈಯಿಂದಲೇ ಆಗಬೇಕು.

ಹಸಿರು ನೀರನ್ನು ಕಂಡೊಡನೆ ಹೊಸಬರಿಗೆ ಹೊಳೆಯುವ ಉಪಾಯವೆಂದರೆ, ಎಲ್ಲವನ್ನೂ ಚರಂಡಿಗೆ ಬಿಟ್ಟು ಹೊಸ ನೀರು ತುಂಬಿಸುವುದು. ಇದು ಸುಲಭವೆಂದು ತೋರಿದರೂ ಸರಿಯಾದುದಲ್ಲ. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಒಂದು ಸಾಧಾರಣ ಕೊಳದಲ್ಲಿ 60,000 ಲೀಟರ್ ನೀರಿರುತ್ತದೆ. ಎಂದರೆ 6,000 ಲೀಟರಿನ ಹತ್ತು ಟ್ಯಾಂಕರುಗಳು. ಕಾವೇರಿಯ ನೀರು ನಮ್ಮ ಊರಿಗೆ ಸುಮಾರು ನೂರು ಕಿಲೋಮೀಟರ್ ದೂರದಿಂದ ಏರುದಾರಿಯಲ್ಲಿ ಬರುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಕೊಡ ಹಿಡಿದು ನಿಂತಾಗ, ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಮೀರಿದವರಿಗೆ 5,000 ರೂಪಾಯಿ ದಂಡವೆಂದೂ ಸಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಯೋಜನೆ ಆರಂಭವಾಯಿತೆಂಬುದು ನಿಜ. ಆದರೆ ನೀರು ಬಂದಿತೆಂಬುದು ಅದನ್ನು ಚೆಲ್ಲುವುದಕ್ಕೆ ಕಾರಣವಾಗಲಾರದು. ಇದಲ್ಲದೆ, ಮಳೆಗಾಲದಲ್ಲಿ ಬರಿದು ಮಾಡಿದ ಕೊಳವು ನೆಲದೊಳಗಣ ನೀರಿನ ಒತ್ತಡಕ್ಕೆ ಸಿಕ್ಕಿ ಬಿರುಕು ಬಿಡುವುದೂ ಉಂಟು.

ಆದುದರಿಂದ ಇರುವ ನೀರನ್ನೇ ಸರಿಪಡಿಸಬೇಕು. ಅದಕ್ಕೆ ಮೊದಲು ಬೇಕಾದುದು ಔಷಧವಲ್ಲ, ಪರೀಕ್ಷೆ. ನಾಡಿ ನೋಡದೆ ಮದ್ದು ಕೊಡುವ ವೈದ್ಯನನ್ನು ಯಾರು ತಾನೆ ನಂಬುತ್ತಾರೆ? ಟೆಸ್ಟ್ ಕಿಟ್ ಎಂಬ ಪುಟ್ಟ ಪೆಟ್ಟಿಗೆಯೊಂದನ್ನು ಕೊಂಡರೆ, ಹನಿ ಹಾಕಿ ಬಣ್ಣ ನೋಡಿ ಲೆಕ್ಕ ತಿಳಿಯಬಹುದು. ಆಮ್ಲ ಕ್ಷಾರಗಳ ಅಳತೆಯಾದ ಪಿ.ಎಚ್. 7.2ರಿಂದ 7.8ರ ನಡುವೆ ಇರಬೇಕು. ಕ್ಷಾರಬಲ ಲೀಟರಿಗೆ 80ರಿಂದ 120 ಮಿಲಿಗ್ರಾಂ, ಕ್ಲೋರೀನು 1ರಿಂದ 3 ಮಿಲಿಗ್ರಾಂ ಇದ್ದರೆ ಮೇಲು.

ಸರಿಪಡಿಸುವ ಕ್ರಮವೂ ಇದೇ: ಮೊದಲು ಕ್ಷಾರಬಲ, ಬಳಿಕ ಪಿ.ಎಚ್., ಕೊನೆಗೆ ಕ್ಲೋರೀನು. ಕ್ಷಾರಬಲ ತಗ್ಗಿದ್ದರೆ ಅಡುಗೆ ಸೋಡ ಏರಿಸುತ್ತದೆ. ಹೆಚ್ಚಿದ್ದರೆ ಆಮ್ಲ ಇಳಿಸುತ್ತದೆ. ಪಿ.ಎಚ್. 7.5ರಲ್ಲಿರುವಾಗ ಕ್ಲೋರೀನಿನ ಅರ್ಧದಷ್ಟು ಭಾಗ ಕ್ರಿಮಿಗಳನ್ನು ಕೊಲ್ಲುವ ಚುರುಕು ರೂಪದಲ್ಲಿರುತ್ತದೆ. 8ಕ್ಕೇರಿದರೆ ಅದು ಕಾಲುಭಾಗದಷ್ಟಕ್ಕೆ ಇಳಿಯುತ್ತದೆ. ಪಿ.ಎಚ್. ನೋಡದೆ ಡಬ್ಬಿಗಟ್ಟಲೆ ಕ್ಲೋರೀನು ಸುರಿದವರ ಹಣ ನೀರಿನಲ್ಲಿ ಹೋಮವಾಗುವುದು ಹೀಗೆ.

ಲೆಕ್ಕ ಕಠಿಣವಲ್ಲ. ನಮ್ಮ 60,000 ಲೀಟರಿನ ಕೊಳದಲ್ಲಿ ಕ್ಲೋರೀನನ್ನು ಲೀಟರಿಗೆ 1 ಮಿಲಿಗ್ರಾಂ ಏರಿಸಲು 60 ಗ್ರಾಂ ಬೇಕು. ಶೇಕಡ 65ರ ಪುಡಿಯಾದರೆ ಸುಮಾರು 92 ಗ್ರಾಂ. ಪಾಚಿ ಕಟ್ಟಿದ ನೀರಿಗೆ ಇದರ ಹತ್ತರಷ್ಟು ಬೇಕಾದೀತು. ಎಲೆಕಸವನ್ನು ತೆಗೆದು, ಗೋಡೆಗಳನ್ನು ಉಜ್ಜಿ, ಸಂಜೆಯ ಹೊತ್ತು ಇದನ್ನು ಹಾಕತಕ್ಕದ್ದು. ಹಗಲಿನ ಬಿಸಿಲು ಕ್ಲೋರೀನನ್ನು ಬೇಗನೆ ನುಂಗಿಬಿಡುತ್ತದೆ. ಪಂಪು ರಾತ್ರಿಯೆಲ್ಲ ಓಡುತ್ತಿರಲಿ. ಹಸಿರು ಹೋಗಿ ನೀರು ಹಾಲು ಬೆರೆಸಿದಂತೆ ಮಂಕಾದರೆ ಗಾಬರಿಪಡಬೇಕಾಗಿಲ್ಲ. ಅದು ಸತ್ತ ಪಾಚಿ. ಮರಳಿನ ಫಿಲ್ಟರು ಕೆಲವು ದಿನಗಳಲ್ಲಿ ಅದನ್ನು ಹಿಡಿದುಕೊಳ್ಳುತ್ತದೆ. ಫಿಲ್ಟರಿನ ಒತ್ತಡ ಏರಿದಾಗಲೆಲ್ಲ ಅದನ್ನು ತೊಳೆಯಬೇಕು. ಕ್ಲೋರೀನು ಮತ್ತೆ 3ಕ್ಕೆ ಇಳಿಯುವವರೆಗೆ ಯಾರೂ ನೀರಿಗಿಳಿಯಬಾರದು.

ನಮ್ಮ ಕಡೆಯ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಕಬ್ಬಿಣದ ಅಂಶವಿದ್ದರೆ ಕ್ಲೋರೀನು ಬಿದ್ದೊಡನೆ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರು ಆವಿಯಾಗಿ ಹೋದರೂ ಸುಣ್ಣದ ಅಂಶ ಕೊಳದಲ್ಲೇ ಉಳಿಯುವುದರಿಂದ, ಟ್ಯಾಂಕರಿನಿಂದ ತುಂಬಿದಷ್ಟೂ ಗಡಸುತನ ಬೆಳೆದು ಹಂಚಿನ ಮೇಲೆ ಬಿಳಿಯ ಹೊಪ್ಪಳೆ ಕಟ್ಟುತ್ತದೆ. ಕ್ಲೋರೀನು ಬಿಲ್ಲೆಗಳನ್ನೇ ನೆಚ್ಚಿದವರ ಕೊಳದಲ್ಲಿ ಸೈಯನೂರಿಕ್ ಆಮ್ಲವೂ ಹೀಗೆಯೇ ಕೂಡಿಕೊಂಡು ಕ್ಲೋರೀನಿನ ಕೈಕಟ್ಟುತ್ತದೆ. ಆಗ ಮಾತ್ರ ಸ್ವಲ್ಪ ಭಾಗ ನೀರನ್ನು ಬದಲಿಸಬೇಕು. ಆ ನೀರನ್ನೂ ಕೆಲವು ದಿನ ಬಿಸಿಲಿಗೆ ಬಿಟ್ಟು, ಶೌಚಾಲಯಕ್ಕೆ ಬಳಸಬಹುದು.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಲೇಖನ ಅಪೂರ್ಣ. ಆಮ್ಲವನ್ನೂ ಕ್ಲೋರೀನನ್ನೂ ಎಂದಿಗೂ ಒಟ್ಟಿಗೆ ಬೆರೆಸಕೂಡದು, ವಿಷವಾಯು ಏಳುತ್ತದೆ. ಎರಡು ಬಗೆಯ ಕ್ಲೋರೀನನ್ನು ಒಂದೇ ಡಬ್ಬಿಯಲ್ಲಿ ಕೂಡಿಸಿದರೆ ಬೆಂಕಿ ಹೊತ್ತೀತು. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಹೊಯ್ಯಬಾರದು.

ಹಿಂದಿನವರು ಕದಡಿದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕುತ್ತಿದ್ದರು. ಆ ಬೀಜದ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂಬ ವಿವೇಕವನ್ನು ಮನುಸ್ಮೃತಿಯೂ ಹೇಳಿದೆ. ಕೊಳದ ನೀರಿಗೆ ಇಂದು ಪಟಿಕ ಹಾಕುವುದೂ ಅದೇ ಉದ್ದೇಶದಿಂದ; ಕೆಸರು ತಳಕ್ಕಿಳಿಯುತ್ತದೆ. ಆದರೆ ಕೆಸರು ಇಳಿದರೆ ರೋಗಾಣು ಸತ್ತಿತೆಂದಲ್ಲ. ಭೇದಿಯನ್ನು ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಜೀವಿಯು ಕ್ಲೋರೀನು ಇರುವ ನೀರಿನಲ್ಲಿಯೂ ಒಂದು ವಾರಕ್ಕಿಂತ ಹೆಚ್ಚು ಬದುಕಬಲ್ಲುದು. ಹೊಟ್ಟೆ ಕೆಟ್ಟಿರುವ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದೂ, ಮಿಂದು ಬಂದು ನೀರಿಗಿಳಿಯುವುದೂ ಯಾವ ಔಷಧಕ್ಕೂ ಕಡಮೆಯಲ್ಲ.

ಹಾಗಾದರೆ ತಿಳಿಗೆ ಬೆಲೆಯಿಲ್ಲವೇ? ಇದೆ, ಅದು ಚೆಲುವಿಗಿಂತ ದೊಡ್ಡದು. ದಡದಲ್ಲಿ ನಿಂತವರಿಗೆ ಕೊಳದ ಅತ್ಯಂತ ಆಳದ ತಳದ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ, ಮುಳುಗುತ್ತಿರುವ ಮಗುವೂ ಕಾಣದು. ಅಂತಹ ದಿನ ಎಷ್ಟು ಸೆಖೆಯಿದ್ದರೂ ಬಾಗಿಲಿಗೆ ಬೀಗ ಹಾಕುವುದೇ ಯಜಮಾನನ ಧರ್ಮ.