ದನಿಗೊಂದು ಕನ್ನಡಿ

ವಚನ ಗಾಯನದಲ್ಲಿ ಸ್ವರದಷ್ಟೇ ನುಡಿಯೂ ಮುಖ್ಯ. ವಚನವು ಛಂದಸ್ಸಿನ ಕಟ್ಟಿಗೆ ಒಳಪಟ್ಟುದಲ್ಲ. ಉಸಿರು ಎಲ್ಲಿ ನಿಲ್ಲಬೇಕೆಂಬುದನ್ನು ತಾಳಕ್ಕಿಂತ ಮೊದಲು ಅರ್ಥವೇ ನಿರ್ಧರಿಸುತ್ತದೆ. ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಜನಮನಕ್ಕೆ ಮುಟ್ಟಿಸಿದ ಮಲ್ಲಿಕಾರ್ಜುನ ಮನ್ಸೂರರಿಗೆ (1910–1992) ಮೀರಜಿನ ನೀಲಕಂಠಬುವಾ, ಅನಂತರ ಮಂಜೀಖಾನ್, ಭೂರ್ಜೀಖಾನರಂತಹ ಗುರುಗಳ ಎದುರು ಕುಳಿತು ಕಲಿಯುವ ಭಾಗ್ಯವಿತ್ತು. ಹಗಲೆಲ್ಲ ಹೊಲ, ಅಂಗಡಿ, ಕಚೇರಿಗಳ ಕಾಯಕದಲ್ಲಿದ್ದು ಸಂಜೆ ಮೇಳ ಕೂಡುವ ಹವ್ಯಾಸಿ ಗಾಯಕರಿಗೆ ಆ ಅನುಕೂಲವೆಲ್ಲಿ? ಶ್ರುತಿ ತಪ್ಪಿದವರನ್ನು ಮೇಳದವರು ಮೆಲ್ಲನೆ ಹಿಂದಿನ ಸಾಲಿಗೆ ಸರಿಸುತ್ತಾರೆ. ಅವರೂ ಕ್ರಮೇಣ ತುಟಿಯನ್ನಷ್ಟೇ ಆಡಿಸತೊಡಗುತ್ತಾರೆ. ಇದು ತಿದ್ದುವ ಕ್ರಮವಲ್ಲ, ಒಂದು ದನಿಯನ್ನು ಕಳೆದುಕೊಳ್ಳುವ ಕ್ರಮ.

ಮನೆಯಲ್ಲಿ ತಮ್ಮ ಹಾಡನ್ನು ತಾವೇ ಧ್ವನಿಮುದ್ರಿಸಿಕೊಂಡು ಕೇಳುವುದು ಇದಕ್ಕಿಂತ ಉತ್ತಮವಾದ ದಾರಿ. ಹಾಡುವವರಿಗೆ ತಮ್ಮ ದನಿ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಬುರುಡೆಯ ಎಲುಬಿನ ಮೂಲಕವೂ ಕೇಳಿಸುತ್ತದೆ. ಆದ್ದರಿಂದ ಅದು ತುಂಬಿದಂತೆ ತೋರುತ್ತದೆ. ಧ್ವನಿಮುದ್ರಿಕೆಯಲ್ಲಿ ಅದೇ ದನಿ ತೆಳುವಾಗಿ, ಪರರದೆಂಬಂತೆ ಕೇಳಿಸುತ್ತದೆ. ಅನೇಕರು ಅಲ್ಲಿಯೇ ಎದೆಗುಂದುತ್ತಾರೆ. ಆದರೆ ಆ ತೆಳುವು ದೋಷವಲ್ಲ. ಕೇಳುಗರು ಮೊದಲಿನಿಂದಲೂ ಕೇಳುತ್ತ ಬಂದಿರುವುದು ಹೆಚ್ಚುಕಡಿಮೆ ಆ ದನಿಯನ್ನೇ.

ಫ್ಯಾನು ನಿಲ್ಲಿಸಿ, ಮೊಬೈಲನ್ನು ಒಂದೆರಡು ಗೇಣು ದೂರದಲ್ಲಿಟ್ಟು, ಶ್ರುತಿಪೆಟ್ಟಿಗೆಯೊಡನೆ ಒಂದೇ ವಚನವನ್ನು ಹಾಡಬೇಕು. ಅದನ್ನು ಮರುದಿನ ಕೇಳುವುದು ಲೇಸು. ಹಾಡಿದ ಹುರುಪು ಇಳಿದ ಮೇಲೆ ಕಿವಿ ನ್ಯಾಯ ಹೇಳುತ್ತದೆ. ಮೊದಲ ಸಲ ಶ್ರುತಿಯನ್ನು ಮಾತ್ರ ಗಮನಿಸಬೇಕು. ಎರಡನೆಯ ಸಲ, ‘ಹ’ಕಾರ ಬಿದ್ದುಹೋಯಿತೆ, ‘ಳ’ಕಾರ ‘ಲ’ಕಾರವಾಯಿತೆ ಎಂದು ಉಚ್ಚಾರವನ್ನು ನೋಡಬೇಕು. ಮೂರನೆಯ ಸಲ, ಉಸಿರು ಪದದ ನಡುವೆ ತುಂಡಾಗಿ ಅರ್ಥ ಕೆಟ್ಟಿತೆ ಎಂದು ಪರಿಶೀಲಿಸಬೇಕು. ವಾರಕ್ಕೊಂದು ದೋಷವನ್ನು ತಿದ್ದಿಕೊಂಡರೆ ಸಾಕು. ಮೊದಲ ದಿನದ ಧ್ವನಿಮುದ್ರಿಕೆಯನ್ನು ಅಳಿಸದಿರಲಿ. ಮುಂದೆ ಅದೇ ಸಾಧನೆಗೆ ಸಾಕ್ಷಿಯಾಗುತ್ತದೆ.

ಮೇಳದ ಹಿರಿಯರಿಗೂ ಇಲ್ಲಿ ಹೊಣೆಯಿದೆ. ನಂಬಿ ಕಳುಹಿಸಿದ ಧ್ವನಿಮುದ್ರಿಕೆಯನ್ನು ಹತ್ತು ಜನರಿಗೆ ಹಂಚಿ ನಗುವುದು ಸಲ್ಲದು. ಏಕಾಂತದಲ್ಲಿ ಒಂದು ಗುಣವನ್ನು ಮೆಚ್ಚಿ, ಒಂದು ದೋಷವನ್ನು ತೋರಿಸಬೇಕು. ತಪ್ಪಿದ ಶ್ರುತಿಯನ್ನು ಸರಿಪಡಿಸುವ ತಂತ್ರಾಂಶಗಳೂ ಇಂದು ಉಂಟು. ಅವು ಧ್ವನಿಮುದ್ರಿಕೆಯನ್ನು ತಿದ್ದಬಲ್ಲವೇ ಹೊರತು ಕಂಠವನ್ನಲ್ಲ.

ನುಡಿಗೂ ನಡೆಗೂ ಅಂತರವಿರಬಾರದೆಂಬುದು ಶರಣರ ನಿಲುವು. ಹಾಡಿದೆನೆಂದು ಭಾವಿಸಿದ್ದಕ್ಕೂ ನಿಜವಾಗಿ ಹಾಡಿದ್ದಕ್ಕೂ ಇರುವ ಅಂತರವನ್ನು ಅಳುಕದೆ ಕೇಳಿಕೊಳ್ಳುವುದೂ ಆ ದಾರಿಯ ಒಂದು ಹೆಜ್ಜೆಯೇ. ಹಿಂದಿನ ಸಾಲಿನಲ್ಲಿ ಮೌನವಾಗಿದ್ದ ದನಿ ಮರಳಿ ಬಂದರೆ ಮೇಳಕ್ಕೂ ಲೇಸು, ವಚನವನ್ನಾಲಿಸುವ ಭಕ್ತರಿಗೂ ಲೇಸು.